ಭಾವನವರ ತೀರ್ಪು, ನನ್ನ ಹಳೇ ಲ್ಯಾಪ್‌ಟಾಪ್

ನಮ್ಮ ಭಾವ ನನ್ನ ಲ್ಯಾಪ್‌ಟಾಪನ್ನು ಮೊದಲ ಸಲ ನೋಡಿದಾಗ ಅದನ್ನು ತೆರೆಯಲಿಲ್ಲ. ಮಗುಚಿ ಹಾಕಿದರು. ಕನ್ನಡಕ ಹಣೆಗೇರಿಸಿ ಅಡಿಭಾಗದ ಚೀಟಿಯನ್ನು ಓದಿದರು, ತುಟಿ ಸೊಟ್ಟಗೆ ಮಾಡಿದರು, ಅದನ್ನು ಹಾಗೇ ಅಂಗಾತ ಬಿಟ್ಟು ಕಾಫಿ ಲೋಟ ಎತ್ತಿಕೊಂಡರು.

"ಐದ್ ವರ್ಷದ ಹಳೇ ಮಾಲು ಕಣಮ್ಮ ಇದು. ಯಾವ್ದೋ ಆಫೀಸಿನೋರು ಬಿಸಾಕಿರೋದು. ಆರ್ ತಿಂಗ್ಳು ಓಡುತ್ತೆ, ಆಮೇಲೆ ತೆವಳುತ್ತೆ. ಬರ್ದಿಟ್ಕೋ."

ಬರೆದಿಟ್ಟುಕೊಳ್ಳುವ ಅಗತ್ಯವಿರಲಿಲ್ಲ. ಭಾವನವರು ಒಮ್ಮೆ ಹೇಳಿದ್ದನ್ನು ಮುಂದಿನ ಹತ್ತು ಭೇಟಿಗಳಲ್ಲಿ ತಾವೇ ನೆನಪಿಸುತ್ತಿದ್ದರು.

ಅವರು ನನ್ನ ಅಕ್ಕನ ಗಂಡ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಒಂದು ಕಂಪನಿಯಲ್ಲಿ ಮಾರ್ಕೆಟಿಂಗ್ ಮ್ಯಾನೇಜರ್ ಆಗಿದ್ದರು. ಇನ್ನೂ ಪಾಯ ತೋಡದ ಕಟ್ಟಡದ ಹದಿನಾಲ್ಕನೇ ಮಹಡಿಯ ಬಾಲ್ಕನಿಯಿಂದ ಕಾಣುವ ಸೂರ್ಯಾಸ್ತವನ್ನು ಲ್ಯಾಪ್‌ಟಾಪಿನ ಪರದೆಯ ಮೇಲೆ ಜನರಿಗೆ ತೋರಿಸುವುದು ಅವರ ಉದ್ಯೋಗ. ಆ ಲ್ಯಾಪ್‌ಟಾಪನ್ನು ಕಂಪನಿಯೇ ಕೊಡುತ್ತಿತ್ತು, ಎರಡು ವರ್ಷಕ್ಕೊಂದು ಹೊಸದು. ಅಷ್ಟರಿಂದಲೇ ಅವರಿಗೆ ಕಂಪ್ಯೂಟರ್ ವಿಷಯದಲ್ಲಿ ಪಾಂಡಿತ್ಯ ಬಂದಿದೆಯೆಂದು ಅವರು ನಂಬಿದ್ದರು. ನಮ್ಮ ನೆಂಟರಿಷ್ಟರೆಲ್ಲ ನಂಬಿದ್ದರು. ನಾನು ಅವರನ್ನು ಯಾವಾಗಲೂ ಬಹುವಚನದಲ್ಲೇ ಮಾತಾಡಿಸುತ್ತಿದ್ದೆ, ಈಗಲೂ ಹಾಗೇ. ಮನಸ್ಸಿನೊಳಗೆ ಮಾತ್ರ ಏಕವಚನ.

ನನ್ನ ಕೆಲಸ ಟೈಪಿಂಗ್. ಸಂಜಯನಗರದ ನಮ್ಮ ಮನೆಯ ಹೊರಕೋಣೆಯಲ್ಲಿ ಕೂತು, ಕನ್ನಡದಲ್ಲಿ ಸಂಶೋಧನೆ ಮಾಡುವವರ ಮಹಾಪ್ರಬಂಧಗಳನ್ನು ಟೈಪ್ ಮಾಡಿ, ಪುಟ ಹೊಂದಿಸಿಕೊಡುತ್ತಿದ್ದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿರುಗಿಸಿ ಬರೆದಿರುತ್ತಿದ್ದರು, ಅದನ್ನು ಮೂರನೆಯವರು ಉಲ್ಲೇಖಿಸಿರುತ್ತಿದ್ದರು. ಓದಿ ಓದಿ ನನಗೆ ವಿದ್ವತ್ತಿನ ಮೇಲಿದ್ದ ಗೌರವ ಸವೆದುಹೋಗಿತ್ತು. ಆದರೂ ಕಾಗುಣಿತದ ಒಂದು ತಪ್ಪನ್ನೂ ನಾನು ಬಿಡುತ್ತಿರಲಿಲ್ಲ. ಅವರ ತಿಳಿವಳಿಕೆಗೆ ನಾನು ಹೊಣೆಯಲ್ಲ, ಒತ್ತಕ್ಷರಕ್ಕೆ ಹೊಣೆ.

ಮೊದಲು ನನ್ನ ಹತ್ತಿರ ದೊಡ್ಡ ಕಂಪ್ಯೂಟರ್ ಇತ್ತು. ಆ ವರ್ಷಗಳಲ್ಲಿ ಮಧ್ಯಾಹ್ನದ ಹೊತ್ತು ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಪಕ್ಕದಲ್ಲಿದ್ದ ಯುಪಿಎಸ್ಸು ಎರಡು ಸಲ ಕಿರುಚಿ ಸುಮ್ಮನಾಗುತ್ತಿತ್ತು. ಒಂದು ದಿನ ಜನಪದ ಗೀತೆಗಳಲ್ಲಿ ಎತ್ತಿನ ವರ್ಣನೆ ಎಂಬ ಇಡೀ ಅಧ್ಯಾಯ ಹಾಗೆ ಹೋಯಿತು. ಅಧ್ಯಾಯ ಹೋದದ್ದಕ್ಕೆ ನನಗೆ ದುಃಖವಿರಲಿಲ್ಲ, ಅದು ಹೋಗಬೇಕಾದದ್ದೇ. ಆ ಎತ್ತುಗಳನ್ನೆಲ್ಲ ಮತ್ತೆ ಹೊಡೆದುಕೊಂಡು ಬರಬೇಕಾಯಿತಲ್ಲ, ಅದಕ್ಕೆ ಅಳು ಬಂತು. ನಮ್ಮವರು ಅಂಚೆ ಕಚೇರಿಯಿಂದ ಬಂದವರು ನನ್ನ ಮುಖ ನೋಡಿ, "ಲ್ಯಾಪ್‌ಟಾಪ್ ಆದ್ರೆ ಬ್ಯಾಟರಿ ಇರುತ್ತೆ ಅಲ್ವೇನೇ" ಎಂದರು. ಹೊಸದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹೀಗೆ ೨೦೧೧ರಲ್ಲಿ ನಾನು ಯಶವಂತಪುರಕ್ಕೆ ಹೋದೆ.

ಮಾರುಕಟ್ಟೆಯ ಹತ್ತಿರ, ಗೋಣಿಚೀಲದ ಅಂಗಡಿಯ ಮೇಲಿನ ಮಹಡಿಯಲ್ಲಿ ಹಳೇ ಲ್ಯಾಪ್‌ಟಾಪ್ ಮಾರುವವರೊಬ್ಬರಿದ್ದರು. ಐವತ್ತೈದರ ಆಸುಪಾಸಿನ ಮನುಷ್ಯ, ಕೊಡಿಗೇಹಳ್ಳಿಯ ಹಳೇ ಮನೆತನದವರು. ಕೈಗಡಿಯಾರ ಜೋಡಿಸುವ ಕೆಲಸದಲ್ಲಿ ಇಪ್ಪತ್ತು ವರ್ಷ ಇದ್ದು ಬಿಟ್ಟವರು. ಗಡಿಯಾರ ರಿಪೇರಿಯವರು ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇನ್ನೂ ಅವರ ಜೇಬಿನಲ್ಲಿತ್ತು. ಕಪ್ಪಗೆ, ದಪ್ಪಗೆ, ಇಟ್ಟಿಗೆಯಂತಿದ್ದ ಒಂದನ್ನು ನನ್ನ ಮುಂದಿಟ್ಟರು. ಅದರ ಕೀಲಿಗಳನ್ನು ಒತ್ತಿದಾಗ ಬೆರಳಿಗೆ ಒತ್ತಿದಂತೆ ಅನಿಸುತ್ತಿತ್ತು. ನನಗೆ ಅದು ಹಿಡಿಸಿತು.

"ಇದು ಎಷ್ಟ್ ವರ್ಷ ಹಿಂಗೇ ಫಾಸ್ಟಾಗಿರುತ್ತೆ?" ಎಂದು ಕೇಳಿದೆ.

"ಏನ್ ಕೆಲ್ಸ ಮಾಡ್ತೀರಮ್ಮ ಇದ್ರಲ್ಲಿ?"

"ಕನ್ನಡ ಟೈಪಿಂಗ್. ಪ್ರಿಂಟಿಗೆ ಕೊಡೋದು. ಒಂದೊಂದ್ಸಲ ಇಮೇಲ್."

"ಸಿನ್ಮಾ ನೋಡ್ತೀರಾ? ಗೇಮು?"

ನಾನು ಅವರ ಮುಖ ನೋಡಿದೆನಷ್ಟೆ.

"ಅಂಗಾದ್ರೆ ಕೇಳಿ. ವಯಸ್ಸಾಯ್ತು ಅಂತ ಮಿಷಿನ್ನು ನಿಧಾನ ಆಗಕಿಲ್ಲ. ಇವತ್ತು ಎಷ್ಟು ಜೋರಾಗಿ ಓಡ್ತದೋ ಇನ್ನು ಐದ್ ವರ್ಷಕ್ಕೂ ಅಷ್ಟೇ ಓಡ್ತದೆ. ನಾವು ಅದ್ರ ತಲೆ ಮೇಲೆ ಭಾರ ಒರ್ಸೋದು ಜಾಸ್ತಿ ಮಾಡ್ತೀವಿ, ಅದಕ್ಕೆ ಏದುಸಿರು ಬರ್ತದೆ. ಇನ್ನು ಸವೆಯೋದು ಅಂದ್ರೆ ಒಳಗೆ ತಿರುಗೋ ಡಿಸ್ಕು, ಬ್ಯಾಟ್ರಿ. ಅವೆಲ್ಲ ಬದ್ಲಾಯಿಸ್ಬೋದು. ನೀವು ಬರೀ ಟೈಪ್ ಮಾಡೋದಾದ್ರೆ ನಿಮ್ ಬೆರಳಿಗಿಂತ ಇದು ಯಾವತ್ತೂ ಮುಂದೇನೇ ಇರ್ತದೆ."

ಮಾರುವವರ ಮಾತನ್ನು ನಂಬಬಾರದೆಂದು ನನಗೆ ಗೊತ್ತು. ಆದರೆ ಈ ಮನುಷ್ಯ ಮೊದಲು ನನ್ನ ಕೆಲಸ ಏನೆಂದು ಕೇಳಿದ್ದರು. ಭಾವ ಅದನ್ನು ಇವತ್ತಿಗೂ ಕೇಳಿಲ್ಲ.

ಆರು ತಿಂಗಳು ಕಳೆಯಿತು, ವರ್ಷ ಕಳೆಯಿತು. ಎರಡು ವರ್ಷದಲ್ಲಿ ಹನ್ನೊಂದು ಮಹಾಪ್ರಬಂಧಗಳು ಅದರೊಳಗೆ ಹೋಗಿ ಹೊರಬಂದವು. ಭಾವ ಬಂದಾಗಲೆಲ್ಲ ಚಪ್ಪಲಿ ಬಿಡುತ್ತಲೇ, "ಇನ್ನೂ ಉಸಿರಾಡ್ತಿದೆಯಾ ನಿಂದು?" ಎಂದು ಕೇಳುವುದು ರೂಢಿಯಾಯಿತು. "ನಿಮ್ಮ ಆಶೀರ್ವಾದ ಭಾವ" ಎನ್ನುತ್ತಿದ್ದೆ. ಅವರು ಅದನ್ನು ನಿಜವಾಗಿಯೂ ಆಶೀರ್ವಾದವೆಂದೇ ತೆಗೆದುಕೊಂಡು ತಲೆಯಾಡಿಸುತ್ತಿದ್ದರು.

೨೦೧೩ರ ಗೌರಿ ಹಬ್ಬಕ್ಕೆ ಅಕ್ಕ ಭಾವ ನಮ್ಮ ಮನೆಗೆ ಬಂದರು. ಅಕ್ಕ ನನ್ನ ಜೊತೆ ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದಳು. ನಮ್ಮವರು ಬಾಳೆಎಲೆ ತರಲು ಹೋಗಿದ್ದರು. ಭಾವ ಹೊರಕೋಣೆಯಲ್ಲಿ ಒಬ್ಬರೇ. ಊಟಕ್ಕೆ ಕರೆಯಲು ಹೋದಾಗ ಅವರು ನನ್ನ ಕುರ್ಚಿಯಲ್ಲಿ, ನನ್ನ ಲ್ಯಾಪ್‌ಟಾಪಿನ ಮುಂದೆ, ಆಪರೇಷನ್ ಮುಗಿಸಿದ ಡಾಕ್ಟರಂತೆ ಹಿಂದಕ್ಕೆ ಒರಗಿ ಕೂತಿದ್ದರು.

"ಎಷ್ಟ್ ಗಲೀಜಿತ್ತು ಗೊತ್ತಾ ಇದ್ರಲ್ಲಿ? ಎಲ್ಲಾ ಕ್ಲೀನ್ ಮಾಡಿದೀನಿ. ಇನ್ನು ನೋಡು, ರಾಕೆಟ್."

ಪರದೆಯ ಬಲಮೂಲೆಯಲ್ಲಿ ಸ್ಕೂಟರಿನ ಮೀಟರಿನಂಥ ಒಂದು ಹಸಿರು ಚಕ್ರ ತಿರುಗುತ್ತಿತ್ತು. ಅದು ಮೊದಲಿರಲಿಲ್ಲ. ಹಬ್ಬದ ದಿನ ಮಾತು ಬೆಳೆಸುವುದು ಬೇಡವೆಂದು "ಥ್ಯಾಂಕ್ಸ್ ಭಾವ" ಎಂದೆ.

ಮರುದಿನ ಬೆಳಿಗ್ಗೆ ಅದು ಏಳಲಿಕ್ಕೇ ನಾನು ಕಾಫಿ ಕುಡಿದು ಲೋಟ ತೊಳೆದಿಡುವಷ್ಟು ಹೊತ್ತು ಬೇಕಾಯಿತು. ಟೈಪ್ ಮಾಡಲು ಶುರುಮಾಡಿದರೆ ಅಕ್ಷರಗಳು ಬರುತ್ತಲೇ ಇಲ್ಲ. 'ಸಾಂಸ್ಕೃತಿಕ' ಎಂದು ಹೊಡೆದು ಕೈಕಟ್ಟಿ ಕೂತರೆ ಮೊದಲು 'ಸಾ' ಕಾಣಿಸಿಕೊಂಡಿತು, ಆಮೇಲೆ ಸೊನ್ನೆ, ಆಮೇಲೆ ಏನೋ ಯೋಚಿಸಿಕೊಂಡು ಉಳಿದದ್ದು. ನನ್ನ ಕೈಯಲ್ಲಿದ್ದ ಪ್ರಬಂಧದ ಹುಡುಗಿಗೆ ಸಲ್ಲಿಸಲು ಹನ್ನೆರಡು ದಿನ ಉಳಿದಿತ್ತು. ತುಂಬಾ ಹೆದರಿದ್ದವಳು, ದಿನಕ್ಕೆರಡು ಸಲ ಫೋನ್ ಮಾಡಿ "ಆಗುತ್ತಲ್ವಾ ಮೇಡಂ" ಎನ್ನುತ್ತಿದ್ದಳು. ಎರಡು ದಿನ ಹಾಗೂ ಹೀಗೂ ಎಳೆದು ಭಾವನಿಗೆ ಫೋನ್ ಮಾಡಿದೆ.

"ನಾನ್ ಹೇಳಿರ್ಲಿಲ್ವಾ?" ಎಂದರು. ಆ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ, ಅವರು ಎರಡು ವರ್ಷದಿಂದ ಈ ಫೋನಿಗಾಗಿಯೇ ಕಾದಿದ್ದರೇನೋ. "ಅದರ ಕಾಲ ಮುಗೀತು ಕಣಮ್ಮ. ನಾನ್ ಕ್ಲೀನ್ ಮಾಡ್ದೆ ಅಂತ ಇನ್ನೆರಡು ದಿನ ಬಂತು. ಭಾನುವಾರ ರೆಡಿಯಾಗಿರು, ಹೊಸದು ಕೊಡಿಸ್ತೀನಿ."

ಇಲ್ಲಿ ನಾನು ಬೇರೆಯವರನ್ನು ಆಡಿಕೊಳ್ಳುವಂತಿಲ್ಲ, ಏಕೆಂದರೆ ನಾನು ಅವರ ಮಾತನ್ನು ನಂಬಿದೆ. ಹಿಂದಿನ ದಿನದವರೆಗೆ ಚೆನ್ನಾಗಿದ್ದ ಯಂತ್ರ ಹಬ್ಬದ ದಿನವೇ ಏಕೆ ಮುದಿಯಾಯಿತು ಎಂದು ಕೇಳಿಕೊಳ್ಳುವ ಬುದ್ಧಿ ನನಗೆ ಬರಲಿಲ್ಲ. ದಿನವಿಡೀ ಬೇರೆಯವರ ತರ್ಕದ ತೂತುಗಳನ್ನು ಎಣಿಸುವವಳಿಗೆ ಆ ತೂತು ಕಾಣಲಿಲ್ಲ.

ಭಾನುವಾರ ಹೆಬ್ಬಾಳದ ಕಡೆಯ ಒಂದು ಶೋರೂಮಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಎಲ್ಲ ಪರದೆಗಳ ಮೇಲೂ ಒಂದೇ ಜಲಪಾತ ಬೀಳುತ್ತಿತ್ತು. ಮಾರಾಟದ ಹುಡುಗಿಯನ್ನು ನಾನು, "ಇದ್ರಲ್ಲಿ ಕನ್ನಡ ಹೆಂಗೆ ಟೈಪ್ ಮಾಡೋದಮ್ಮ" ಎಂದು ಕೇಳಿದೆ. ಅವಳು ಜಲಪಾತವನ್ನು ಇನ್ನಷ್ಟು ದೊಡ್ಡದು ಮಾಡಿ ತೋರಿಸಿದಳು. ಭಾವ ಅಷ್ಟರಲ್ಲಿ ಬ್ಯಾಗು ಉಚಿತವಾಗಿ ಕೊಡಬೇಕೆಂದು ಮ್ಯಾನೇಜರನ ಹತ್ತಿರ ವಾದಕ್ಕೆ ನಿಂತಿದ್ದರು. ಯಾವ ಲ್ಯಾಪ್‌ಟಾಪ್ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಕೀಲಿಗಳನ್ನು ಒತ್ತಿ ನೋಡಿದೆ. ತಟ್ಟೆಯ ಮೇಲೆ ಬೆರಳಾಡಿಸಿದ ಹಾಗಿತ್ತು. ತಲೆನೋವೆಂದು ಹೇಳಿ ಮನೆಗೆ ಬಂದುಬಿಟ್ಟೆ.

ನಮ್ಮವರು ಪೇಪರಿನಿಂದ ತಲೆಯೆತ್ತದೆ ಕೇಳಿದರು, "ಮಾರಿದೋರನ್ನೇ ಒಂದ್ಸಲ ಕೇಳ್ಬಾರ್ದಾ?"

ಯಶವಂತಪುರದ ಮಹಡಿಯಲ್ಲಿ ಆ ಮನುಷ್ಯ ಲ್ಯಾಪ್‌ಟಾಪನ್ನು ಶುರುಮಾಡಿ, ಸುಮ್ಮನೆ ನೋಡುತ್ತಾ ಕೂತರು. ಹಸಿರು ಚಕ್ರ ತಿರುಗಿತು. ಅದರ ಪಕ್ಕ ಇನ್ನೊಂದು ಚೌಕ ಎದ್ದು ಅಪಾಯ ಎಂದು ಕೂಗಿತು. ಮೂರನೆಯದು ಬಂದು ಎರಡನೆಯದೇ ಅಪಾಯ ಎಂದಿತು.

"ಯಾರಮ್ಮ ಇದನ್ನೆಲ್ಲ ತುಂಬಿದ್ದು?"

"ಯಾಕೆ?"

"ವೈರಸ್ ಬರ್ದಂಗೆ ಕಾಯಕ್ಕೆ ಮೂರು ಜನ ಕಾವಲುಗಾರ್ರನ್ನ ಇಟ್ಟವ್ರೆ. ಮೂವರೂ ಒಬ್ಬರನ್ನೊಬ್ರು ಕಳ್ಳ ಅಂತ ಇಡ್ಕೊಂಡು ಬಡೀತಾವ್ರೆ. ಇನ್ನು ಇದು ನೋಡಿ, ಸ್ಪೀಡ್ ಮಾಡೋದಂತೆ. ಇರೋ ಅರ್ಧ ಶಕ್ತಿ ಇದೇ ತಿಂತಾ ಕೂತದೆ. ಪಾಪ, ಅದ್ರದ್ದೇನ್ ತಪ್ಪು?"

ನನಗೆ ಆಗ ಬಂದ ಸಿಟ್ಟಿಗಿಂತ ಹೆಚ್ಚಾಗಿ ಬಂದದ್ದು ಒಂದು ಬಗೆಯ ತೃಪ್ತಿ. ಭಾವ ದಡ್ಡ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ಸಾಕ್ಷಿ ಸಿಕ್ಕಿತ್ತು.

ಅವರು ಎಲ್ಲವನ್ನೂ ಕಿತ್ತುಹಾಕಿದರು. ಹಿಂಬದಿ ಬಿಚ್ಚಿ, ಫ್ಯಾನಿಗೆ ಕಂಬಳಿಯ ತುಂಡಿನಂತೆ ಅಂಟಿಕೊಂಡಿದ್ದ ಧೂಳನ್ನು ಚಿಮುಟದಲ್ಲಿ ಎತ್ತಿ ನನಗೇ ತೋರಿಸಿದರು. ತಿರುಗುವ ಡಿಸ್ಕನ್ನು ತೆಗೆದು, ತಿರುಗದ ಹೊಸ ಬಗೆಯದೊಂದನ್ನು ಕೂರಿಸಿದರು. ಮೆಮರಿ ಇನ್ನೊಂದಿಷ್ಟು ಸೇರಿಸಿದರು. ಮುಚ್ಚಳ ಹಾಕಿ ಗುಂಡಿ ಒತ್ತಿದಾಗ, ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಪರದೆ ಬೆಳಗಿ ಕಾಯುತ್ತಾ ನಿಂತಿತ್ತು. ಕೊಂಡ ದಿನವೂ ಅದು ಅಷ್ಟು ಚುರುಕಾಗಿರಲಿಲ್ಲ. ಆ ಹುಡುಗಿಯ ಪ್ರಬಂಧ ಒಂದು ದಿನ ಮೊದಲೇ ಮುಗಿಯಿತು.

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಮುಂದಿನ ವರ್ಷ ಯಲಹಂಕದಲ್ಲಿ ಅಕ್ಕ ಭಾವನ ಹೊಸ ಅಪಾರ್ಟ್‌ಮೆಂಟಿನ ಗೃಹಪ್ರವೇಶ. ಊಟವಾಗಿ ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ, ನಮ್ಮ ಸೋದರಮಾವ ಮೊಮ್ಮಗಳಿಗೆ ಎಂಥ ಲ್ಯಾಪ್‌ಟಾಪ್ ಕೊಡಿಸಲಿ, ಹಳೇದಾದರೆ ನಡೆಯುತ್ತದೆಯೇ ಎಂದು ಭಾವನನ್ನು ಕೇಳಿದರು.

"ಹಳೇದು ಮುಟ್ಲೇಬೇಡಿ ಮಾವ," ಎಂದರು ಭಾವ. "ಇವಳನ್ನೇ ಕೇಳಿ ಬೇಕಾದ್ರೆ, ಎಷ್ಟ್ ಪಾಡು ಪಟ್ಟಳು ಅಂತ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅತ್ಯಂತ ವಿನಯದಿಂದ ಹೇಳತೊಡಗಿದೆ. ಭಾವನವರು ಹಬ್ಬದ ದಿನ ದೊಡ್ಡ ಮನಸ್ಸು ಮಾಡಿ ನನ್ನ ಲ್ಯಾಪ್‌ಟಾಪಿಗೆ ಮೂರು ಜನ ಕಾವಲುಗಾರರನ್ನು ನೇಮಿಸಿಕೊಟ್ಟದ್ದು, ಅವರು ತಮ್ಮತಮ್ಮಲ್ಲೇ ಬಡಿದಾಡಿದ್ದು, ಭಾವನವರು ಸತ್ತಿದೆಯೆಂದು ಹೇಳಿದ್ದನ್ನು ಯಶವಂತಪುರದವರು ಕಾವಲುಗಾರರನ್ನು ಓಡಿಸಿ ಎಬ್ಬಿಸಿ ಕೂರಿಸಿದ್ದು. ಒಂದು ಬಹುವಚನವನ್ನೂ ಬಿಡಲಿಲ್ಲ. ಸೋದರಮಾವ ನಕ್ಕು ನಕ್ಕು ಕೆಮ್ಮಿದರು. ಭಾವ ತಾವೂ ನಗಲು ನೋಡಿದರು. ಅವರ ಬಾಯಿ ನಕ್ಕಿತು, ಕಿವಿ ಕೆಂಪಾಯಿತು.

ಹೊರಡುವಾಗ ಅಕ್ಕ ತಾಂಬೂಲ ಕೊಡಲು ನನ್ನನ್ನು ಒಳಗಿನ ಕೋಣೆಗೆ ಕರೆದಳು. ಕುಂಕುಮ ಇಟ್ಟಳು, ಮುಖ ನೋಡಲಿಲ್ಲ.

"ಹಬ್ಬದ ದಿನ ಊಟ ಇಲ್ದೆ ಮೂರು ಗಂಟೆ ಕೂತಿದ್ರು ಅವ್ರು, ನಿಂಗೆ ಒಳ್ಳೇದಾಗ್ಲಿ ಅಂತ. ಗೊತ್ತಿಲ್ದೆ ಕೆಡಿಸಿದ್ರು, ಒಪ್ತೀನಿ. ನೀನು ಇವತ್ತು ಗೊತ್ತಿದ್ದೇ ಮಾಡ್ದೆ."

"ಅವರೇ ಕೆದಕಿದ್ದಲ್ವಾ ಅಕ್ಕ?"

"ಅವ್ರಲ್ದಿದ್ರೆ ಇನ್ನೊಬ್ರು. ನಿಂಗೆ ಮೇಲೆ ಕೂತು ನೋಡಕ್ಕೆ ಯಾರಾದ್ರೂ ಒಬ್ರು ಬೇಕು ಕಣೇ. ಮೊದ್ಲಿಂದ್ಲೂ ಹಂಗೇ ನೀನು."

ಬಸ್ಸಿನಲ್ಲಿ ಕೂತು ಈ ಮಾತನ್ನು ತಳ್ಳಿಹಾಕಲು ಬೇಕಾದ ಕಾರಣಗಳನ್ನೆಲ್ಲ ಹುಡುಕಿದೆ. ಕೊಡಿಗೇಹಳ್ಳಿ ಗೇಟ್ ಬರುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಹಾಗೆಂದು ನಾನೇನೂ ಬದಲಾಗಲಿಲ್ಲ. ಅಕ್ಕ ನಾಲ್ಕು ತಿಂಗಳು ನಮ್ಮ ಮನೆಗೆ ಬರಲಿಲ್ಲ.

೨೦೧೭ರಲ್ಲಿ ಭಾವನ ಕಂಪನಿ ಮುಚ್ಚಿತು. ಅರ್ಧ ಕಟ್ಟಿದ ಗೋಪುರಗಳನ್ನು ಹಾಗೇ ಬಿಟ್ಟು ಮಾಲೀಕರು ಕಣ್ಮರೆಯಾದರು. ಕಾರು ಕಂಪನಿಯದು, ಹೋಯಿತು. ಲ್ಯಾಪ್‌ಟಾಪ್ ಕಂಪನಿಯದು, ಅದೂ ಹೋಯಿತು. ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಭಾವ ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ಅಂಗಿಗೆ ಇಸ್ತ್ರಿ ಇತ್ತು, ಬೆನ್ನು ಬೆವರಿಗೆ ಒದ್ದೆಯಾಗಿತ್ತು. ನೀರು ಕುಡಿದು, ಲೋಟ ಕೆಳಗಿಟ್ಟು, "ಕೆಲಸಕ್ಕೆ ಒಂದ್ ಅರ್ಜಿ ಟೈಪ್ ಮಾಡ್ಕೋಬೇಕಿತ್ತು" ಎಂದರು. "ಸೈಬರ್ ಸೆಂಟರಲ್ಲಿ ಎಲ್ರೂ ನೋಡ್ತಾರೆ."

ನನ್ನ ಕುರ್ಚಿ ಬಿಟ್ಟುಕೊಟ್ಟೆ. ಅವರು ಎರಡು ತೋರುಬೆರಳುಗಳಿಂದ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು. ಇಷ್ಟು ವರ್ಷ ಎಂಟೋ ಹತ್ತೋ ಲ್ಯಾಪ್‌ಟಾಪುಗಳಿಗೆ ತೀರ್ಪು ಕೊಟ್ಟ ಮನುಷ್ಯನಿಗೆ ಒಂದು ಪುಟ ಟೈಪ್ ಮಾಡಲು ಬರುತ್ತಿರಲಿಲ್ಲ. ಕಾಲು ಗಂಟೆ ನೋಡಿದೆ. ಅಷ್ಟು ಹೊತ್ತು ನೋಡಬಾರದಿತ್ತು, ನೋಡಿದೆ. ಆಮೇಲೆ, "ನೀವು ಹೇಳ್ತಾ ಹೋಗಿ ಭಾವ, ನಾನು ಹೊಡೀತೀನಿ" ಎಂದೆ.

ಅವರು ಹೇಳುತ್ತಾ ಹೋದರು. ನಾನು ಹೊಡೆಯುತ್ತಾ ಹೋದೆ. ಅವರ ಮಾತು ಬಾಯಿಂದ ಬೀಳುತ್ತಲೇ ಪರದೆಯ ಮೇಲೆ ಇರುತ್ತಿತ್ತು. ಮಾಡಿದ ಕೆಲಸದ ಪಟ್ಟಿಯಲ್ಲಿ ಸುಳ್ಳು ಎಷ್ಟು ಕಡಿಮೆಯಿತ್ತೆಂದು ನನಗೆ ಆಶ್ಚರ್ಯವಾಯಿತು. ಜನರಿಗೆ ಮನೆ ತೋರಿಸಲು ಇಪ್ಪತ್ತೊಂದು ವರ್ಷ ಬಿಸಿಲಲ್ಲಿ ತಿರುಗಿದ್ದರು, ಅದು ನಿಜ. ಮುಗಿದ ಮೇಲೆ ಅವರು ಪರದೆ ನೋಡುತ್ತಾ ಹೇಳಿದರು, "ಚೆನ್ನಾಗೇ ಓಡ್ತಿದೆ ಅಲ್ವಾ ಇದು."

"ಹೌದು ಭಾವ."

ನನಗೆ ಖುಷಿಯಾಯಿತು. ಕೆಲಸ ಕಳೆದುಕೊಂಡು ಬಂದವರ ಬಾಯಿಂದ ಆ ಮಾತು ಕೇಳಿ ಖುಷಿಪಟ್ಟೆ. ನಾಚಿಕೆಯೂ ಆಯಿತು, ಆದರೆ ಅದು ಬಂದದ್ದು ಅವರು ಬಸ್‌ಸ್ಟಾಪಿನ ಕಡೆ ತಿರುಗಿದ ಮೇಲೆ, ಬಹಳ ಹೊತ್ತು ನಿಲ್ಲಲೂ ಇಲ್ಲ.

ಎರಡು ತಿಂಗಳು ಅವರು ಹೀಗೆ ವಾರಕ್ಕೊಂದು ಸಲ ಬರುತ್ತಿದ್ದರು. ಕೊನೆಗೆ ಸೋಲಾರ್ ನೀರಿನ ಹೀಟರ್ ಮಾರುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕೆಲಸ ಸಿಕ್ಕ ಮೇಲೆ ಅವರು ಮಾಡಿದ ಮೊದಲ ಕೆಲಸ, ಕಂತಿನ ಮೇಲೆ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡು ಅಕ್ಕನ ಸಮೇತ ನಮಗೆ ತೋರಿಸಲು ಬಂದದ್ದು. ತೆಳ್ಳಗೆ, ಬೆಳ್ಳಿ ಬಣ್ಣದ್ದು. "ನಿಂದೂ ತಗೊಂಬಾ, ಎರಡೂ ಒಟ್ಟಿಗೆ ಆನ್ ಮಾಡೋಣ" ಎಂದರು. ಮನುಷ್ಯ ಇಷ್ಟು ಬೇಗ ಚೇತರಿಸಿಕೊಳ್ಳುತ್ತಾನೆಂದು ನನಗೆ ತಿಳಿದಿರಲಿಲ್ಲ.

ಎರಡನ್ನೂ ಊಟದ ಮೇಜಿನ ಮೇಲಿಟ್ಟು ಒಟ್ಟಿಗೆ ಗುಂಡಿ ಒತ್ತಿದೆವು. ನನ್ನದು ತಯಾರಾಗಿ ನಿಂತಿತು. ಅವರದರ ಮೇಲೆ ಸಣ್ಣ ಚುಕ್ಕಿಗಳು ವೃತ್ತಾಕಾರವಾಗಿ ಸುತ್ತುತ್ತಲೇ ಇದ್ದವು. ಒಳಗೆ ಹಳೇ ಬಗೆಯ ತಿರುಗುವ ಡಿಸ್ಕೇ ಇತ್ತು, ಹೊಳೆಯುವ ಮುಚ್ಚಳದ ಕೆಳಗೆ. ನಮ್ಮವರು ಗಡಿಯಾರ ನೋಡಿ ಏನೋ ಹೇಳಹೋದವರು ನನ್ನ ಕಣ್ಣು ನೋಡಿ ಪೇಪರು ಎತ್ತಿಕೊಂಡರು.

"ಹೊಸದಲ್ವಾ," ಎಂದರು ಭಾವ. "ಇನ್ನೂ ಸೆಟ್ ಆಗ್ಬೇಕು."

ಈ ಸಲ ನಕ್ಕವಳು ಅಕ್ಕ. ಗೋಡೆಗೆ ಒರಗಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಭಾವನೂ ನಕ್ಕರು, ಅವರ ಕಿವಿ ಕೆಂಪಾಗಲಿಲ್ಲ. ನಾನು ಕಾದಿಟ್ಟುಕೊಂಡಿದ್ದ ಮಾತು ಯಾರಿಗೂ ಬೇಕಾಗಲಿಲ್ಲ.

ನನ್ನ ಯಂತ್ರ ಎಂದೂ ನಿಧಾನವಾಗದೆಂದು ನಾನು ಆ ಮೇಲೆ ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಒಂದೇ ವರ್ಷದಲ್ಲಿ ಅದೂ ಅರ್ಧ ಸುಳ್ಳಾಯಿತು. ಪ್ರಬಂಧಗಳನ್ನು ವಿಶ್ವವಿದ್ಯಾಲಯದ ವೆಬ್‌ಸೈಟಿಗೆ ಏರಿಸಿ ಕೊಡಿ ಎಂದು ವಿದ್ಯಾರ್ಥಿಗಳು ಕೇಳತೊಡಗಿದರು. ಆ ಪುಟ ತೆರೆಯುವಷ್ಟರಲ್ಲಿ ನನ್ನ ಲ್ಯಾಪ್‌ಟಾಪಿನ ಫ್ಯಾನು ಹುಯ್ಯಲಿಡುತ್ತಿತ್ತು. ಬ್ಯಾಂಕಿನ ಪುಟವಂತೂ, ನಿಮ್ಮದು ಹಳೆಯದಾಯಿತು, ಒಳಗೆ ಬಿಡುವುದಿಲ್ಲ ಎಂದು ನೇರವಾಗಿಯೇ ಹೇಳಿತು. ಟೈಪಿಂಗ್ ಮಾತ್ರ ಮೊದಲಿನಷ್ಟೇ ಚುರುಕು. ಯಶವಂತಪುರದವರನ್ನು ಕೇಳಿದೆ. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬರಿಯಕ್ಕೆ ಇನ್ನೂ ಬರ್ತದಮ್ಮ. ಇಂಟರ್ನೆಟ್ಟಿಗೆ ಆಗಕಿಲ್ಲ. ಇದು ಇದ್ದಂಗೇ ಐತೆ, ಆ ಕಡೆಯೋರು ದಪ್ಪ ಆಗೋದ್ರು."

೨೦೧೯ರಲ್ಲಿ ಅವರ ಹತ್ತಿರವೇ ಇನ್ನೊಂದನ್ನು ಕೊಂಡೆ; ಅದೂ ನಾಲ್ಕು ವರ್ಷದ ಹಳೆಯದೇ. ಕಪ್ಪು ಇಟ್ಟಿಗೆಯನ್ನು ಅಕ್ಕ ಕೇಳಿದಳು. ಮನೆಯಲ್ಲಿ ಬೇಜಾರು, ಟೈಪಿಂಗ್ ಕಲೀತೀನಿ ಎಂದಳು. ಬೆರಳು ಎಲ್ಲಿಡಬೇಕೆಂದು ಒಂದು ತಿಂಗಳು ಹೇಳಿಕೊಟ್ಟೆ. ಈಗ ಪ್ರಬಂಧಗಳ ಕೊನೆಯ ಗ್ರಂಥಸೂಚಿಯನ್ನು ಅವಳೇ ಮಾಡುತ್ತಾಳೆ. ನಿಧಾನ, ಮತ್ತು ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಅವಳಿಗೆ ಐವತ್ತೆಂಟನೇ ವಯಸ್ಸಿನಲ್ಲೂ ತಿಳಿಯದು. ನಾನು ತಪ್ಪುಗಳಿಗೆಲ್ಲ ಗುರುತು ಹಾಕಿಕೊಂಡು ಅವಳಿಗೆ ಫೋನ್ ಮಾಡುತ್ತೇನೆ.

"ಇಷ್ಟೂ ಗೊತ್ತಾಗಲ್ವಾ ಅಕ್ಕ ನಿಂಗೆ?" ಎನ್ನುತ್ತೇನೆ.

"ಗೊತ್ತಾಗಲ್ಲ," ಎನ್ನುತ್ತಾಳೆ. "ಬೈದು ಮುಗೀತಾ? ಯಾವ್ ಪುಟ ಹೇಳು."